ಮುಚ್ಚಳದಮ್ಮನ ಕೆಂಪು ಚೀಟಿ

ಶಾಲೆಯ ಹಾಜರಿ ಪುಸ್ತಕದಲ್ಲಿ ಅವಳಿಗೂ ಒಂದು ಹೆಸರಿತ್ತು. ಅದನ್ನು ಓದುತ್ತಿದ್ದವರು ಆಫೀಸಿನ ಗುಮಾಸ್ತರೊಬ್ಬರೇ, ಅದೂ ತಿಂಗಳಿಗೊಮ್ಮೆ. ಉಳಿದವರ ಬಾಯಲ್ಲೆಲ್ಲ ಅವಳು ಮುಚ್ಚಳದಮ್ಮ. ಹತ್ತೊಂಬತ್ತು ವರ್ಷದ ಹಿಂದೆ ಒಂದನೇ ತರಗತಿಯ ಯಾವುದೋ ಮಗು ಹಾಗೆ ಕರೆಯಿತು. ಆ ಮಗುವಿಗೆ ಈಗ ಮೀಸೆ ಬಂದಿರಬೇಕು, ಹೆಸರು ಮಾತ್ರ ಮಕ್ಕಳು ಊಟ ಮಾಡುವ ದೊಡ್ಡ ಹಾಲಿನಲ್ಲೇ ಉಳಿದುಕೊಂಡಿತು.

ಹೆಸರಿಗೆ ತಕ್ಕ ಕೆಲಸ. ಹನ್ನೆರಡೂಕಾಲಿಗೆ ಗಂಟೆ ಹೊಡೆದರೆ ಒಂದನೇ ಮತ್ತು ಎರಡನೇ ತರಗತಿಯ ನೂರ ನಲವತ್ತು ಮಕ್ಕಳು ಹಾಲಿಗೆ ನುಗ್ಗಿ, ಉದ್ದನೆಯ ಮೇಜುಗಳ ಮುಂದೆ ಕೂತು, ಒಂದೇ ರಾಗದಲ್ಲಿ ಕೂಗುತ್ತಾ ತಮ್ಮ ಡಬ್ಬಿ ಎತ್ತಿ ಹಿಡಿಯುತ್ತಿದ್ದರು. ಬೆಳಿಗ್ಗೆ ಎಂಟು ಗಂಟೆಯ ಅವಸರದಲ್ಲಿ, ಗಂಡನ ಮೇಲಿನದೋ ಹೆಂಡತಿಯ ಮೇಲಿನದೋ ಸಿಟ್ಟನ್ನೆಲ್ಲ ಸೇರಿಸಿ ಒತ್ತಿದ ಮುಚ್ಚಳಗಳನ್ನು ಆರು ವರ್ಷದ ಬೆರಳು ತೆಗೆಯುವುದುಂಟೇ? ಮುಚ್ಚಳದಮ್ಮ ಡಬ್ಬಿಯನ್ನು ಮೇಜಿನ ಅಂಚಿಗೆ ಮೂರು ಸಲ ಮೆಲ್ಲಗೆ ಕುಟ್ಟಿ, ಮೂಲೆಗೆ ಹೆಬ್ಬೆರಳು ಕೊಟ್ಟು ಒತ್ತಿದಳೆಂದರೆ ಟಪ್ಪೆಂದು ತೆರೆದುಕೊಳ್ಳಬೇಕು. ಬಿಸಿಯಾಗಿದ್ದಾಗಲೇ ಮುಚ್ಚಿ ಗಾಳಿ ಹಿಡಿದುಕೊಂಡ ಡಬ್ಬಿಗೆ ಚಮಚದ ಹಿಂಬದಿ. ಅದಕ್ಕೂ ಬಗ್ಗದಿದ್ದರೆ ಬಿಸಿನೀರು. ಇಪ್ಪತ್ತೇ ನಿಮಿಷದಲ್ಲಿ ನೂರ ನಲವತ್ತೂ ಮುಗಿಯಬೇಕು, ಏಕೆಂದರೆ ಆಮೇಲೆ ದೊಡ್ಡ ತರಗತಿಗಳ ಪಾಳಿ. ಅವಳ ಬಲಗೈ ಹೆಬ್ಬೆರಳ ಉಗುರು ಚಪ್ಪಟೆಯಾಗಿ ಚಮಚದ ಹಾಗೆಯೇ ಆಗಿತ್ತು.

ಮುಚ್ಚಳ ತೆಗೆಯುವವಳಿಗೆ ಮನೆಯೊಳಗಿನದೂ ಕಾಣುತ್ತದೆ. ಮುಚ್ಚಳ ಓರೆಯಾಗಿದ್ದರೆ ಅಪ್ಪ ಕಟ್ಟಿದ್ದು. ಎರಡು ರಬ್ಬರ್ ಬ್ಯಾಂಡ್ ಹಾಕಿದ್ದರೆ ಅಜ್ಜಿ ಕಟ್ಟಿದ್ದು. ನಿನ್ನೆಯ ವಾಸನೆ ಇದ್ದರೆ ಯಾರೂ ಕಟ್ಟಿಲ್ಲ, ಡಬ್ಬಿ ಚೀಲದಿಂದ ಹೊರಗೇ ಬಂದಿಲ್ಲ. ಅವಳು ಕೆಲಸಕ್ಕೆ ಸೇರಿದ ಹೊಸದರಲ್ಲಿ ಡಬ್ಬಿಯೊಳಗೆ ಅನ್ನ, ಬೇಯಿಸಿದ ತರಕಾರಿ, ಮೊಟ್ಟೆ, ಚುಕ್ಕೆ ಬಿದ್ದ ಬಾಳೆಹಣ್ಣು ಇರುತ್ತಿದ್ದವು. ಆಮೇಲೆ ಬ್ರೆಡ್ಡು ಬಂತು, ಬ್ರೆಡ್ಡಿನ ಹಿಂದೆ ಜಾಮ್ ಬಂತು, ಜಾಮಿನ ಹಿಂದೆ ಹಗ್ಗದ ಉಂಡೆಯಂತೆ ಗಂಟುಕಟ್ಟಿದ ನೂಡಲ್ಸ್ ಬಂತು. ಈಗೀಗ ಅಂಗಡಿಯ ಚಿಪ್ಸ್ ಪೊಟ್ಟಣವನ್ನೇ ಮಡಿಸಿ ಡಬ್ಬಿಯೊಳಗಿಟ್ಟು ಮುಚ್ಚಳ ಹಾಕಿ ಕಳಿಸುತ್ತಿದ್ದರು. ಪೊಟ್ಟಣಕ್ಕೆ ಡಬ್ಬಿ ಯಾಕೆ ಬೇಕು ಎಂದರೆ, ಡಬ್ಬಿ ಕಳಿಸಿದರೆ ಊಟ ಕಳಿಸಿದ ಹಾಗಲ್ಲವೇ? ಮೊದಲು ಹೆಬ್ಬೆರಳಿಗಿದ್ದ ಕೆಲಸ ಈಗ ಹಲ್ಲಿಗೆ ಬಂದಿದೆ ಎಂದು ಪೊಟ್ಟಣವನ್ನು ಕಚ್ಚಿ ಹರಿದುಕೊಡುತ್ತಾ ಮುಚ್ಚಳದಮ್ಮ ಗೊಣಗುತ್ತಿದ್ದಳು.

ಗೊಣಗುವುದಕ್ಕಿಂತ ಹೆಚ್ಚಿಗೆ ಅವಳು ಏನೂ ಹೇಳುವಂತಿರಲಿಲ್ಲ. ಕೆಲಸ ವರ್ಷಕ್ಕೊಮ್ಮೆ ಹೊಸದಾಗುವಂಥದ್ದು. ವರ್ಷದ ಕೊನೆಗೆ ಪೋಷಕರ ಸಮಿತಿ ಸರಿ ಎಂದರೆ ಮತ್ತೊಂದು ವರ್ಷ, ಇಲ್ಲವಾದರೆ ಮನೆ ದಾರಿ. ಹೋಗಲಿ ಎನ್ನೋಣವೆಂದರೆ, ಶಾಲೆಯ ಸಿಬ್ಬಂದಿಗೆ ಒಂದು ಮಗುವಿನ ಸೀಟು ಪುಕ್ಕಟೆ ಇತ್ತು. ಆ ಸೀಟಿನಲ್ಲಿ ಅವಳ ಮೊಮ್ಮಗಳು ಮೂರನೇ ತರಗತಿ ಓದುತ್ತಿದ್ದಳು. ಅಳಿಯ ದೂರದೂರಿಗೆ ಲಾರಿ ಓಡಿಸಿಕೊಂಡು ತಿಂಗಳಿಗೊಮ್ಮೆ ಮುಖ ತೋರಿಸುವವನು. ಮಗಳು ದೊಡ್ಡ ಅಂಗಡಿಯೊಂದರ ಬಿಲ್ಲಿನ ಕೌಂಟರಿನಲ್ಲಿ ಹತ್ತು ಗಂಟೆ ನಿಂತು ದುಡಿಯುವವಳು. ಅಜ್ಜಿಯ ಕೆಲಸ ಹೋದ ದಿನ ಮೊಮ್ಮಗಳ ಸೀಟೂ ಹೋಗುತ್ತಿತ್ತು. ಅಂಥ ಶಾಲೆಗೆ ಫೀಸು ಕಟ್ಟುವ ಶಕ್ತಿ ಆ ಮೂವರಲ್ಲಿ ಯಾರಿಗೂ ಇರಲಿಲ್ಲ.

ಹೀಗಿರುವಾಗ ಶಾಲೆಯ ಆಟೋಟದ ದಿನ ಒಂದು ಘಟನೆ ನಡೆಯಿತು. ನೂರು ಮೀಟರ್ ಓಟದಲ್ಲಿ ನಾಲ್ಕನೇ ತರಗತಿಯ ಮೂರು ಮಕ್ಕಳು ಅರ್ಧ ದಾರಿಯಲ್ಲೇ ಕೂತುಬಿಟ್ಟವು. ನಾಲ್ಕನೆಯದು ಲಿಫ್ಟ್ ಎಲ್ಲಿದೆ ಎಂದು ಕೇಳಿತು. ಅತಿಥಿಯಾಗಿ ಬಂದಿದ್ದ ಇಲಾಖೆಯ ಅಧಿಕಾರಿ ನಕ್ಕು ಸುಮ್ಮನಾಗಲಿಲ್ಲ, ಮುಂದಿನ ವಾರವೇ ಸುತ್ತೋಲೆ ಕಳಿಸಿದರು. ಮಕ್ಕಳ ಊಟದ ಡಬ್ಬಿಯನ್ನು ಶಾಲೆ ತಪಾಸಣೆ ಮಾಡಬೇಕು, ವರ್ಷದ ಕೊನೆಗೆ ವರದಿ ಕೊಡಬೇಕು.

ಮುಖ್ಯೋಪಾಧ್ಯಾಯಿನಿಯನ್ನು ಎಲ್ಲರೂ ದೊಡ್ಡ ಮೇಡಂ ಎನ್ನುತ್ತಿದ್ದರು. ಅವರು ಆಹಾರ ತಜ್ಞೆಯೊಬ್ಬರನ್ನು ಕರೆಸಿ ಗೋಡೆಗೆ ಚಿತ್ರಪಟ ತೂಗುಹಾಕಿಸಿದರು, ಮೂರು ಬಣ್ಣದ ಚೀಟಿ ಪುಸ್ತಕ ಮಾಡಿಸಿದರು. ಒಳ್ಳೆಯ ಊಟಕ್ಕೆ ಹಸಿರು, ಪರವಾಗಿಲ್ಲ ಎನ್ನುವಂಥದ್ದಕ್ಕೆ ಹಳದಿ, ಕೆಟ್ಟದ್ದಕ್ಕೆ ಕೆಂಪು. ಕೆಂಪು ಚೀಟಿಗೆ ಮನೆಯವರು ಸಹಿ ಹಾಕಿ ಮರಳಿಸಬೇಕು. ಹಾಗೆ ಸಹಿ ಹಾಕಿದವರು ಮಗುವಿನ ಜೊತೆ ಎಂಟು ಶನಿವಾರ ತಜ್ಞೆಯ ಪಾಠಕ್ಕೆ ಬಂದು ಕೂರಬೇಕು. ಇಷ್ಟೆಲ್ಲ ಆದ ಮೇಲೆ ಡಬ್ಬಿ ನೋಡುವವರು ಯಾರು ಎಂಬ ಪ್ರಶ್ನೆ ಬಂತು. ಟೀಚರುಗಳಿಗೆ ಉತ್ತರ ಪತ್ರಿಕೆ ತಿದ್ದುವುದಿತ್ತು, ಆಟದ ಮೇಷ್ಟ್ರಿಗೆ ಬೆನ್ನುನೋವಿತ್ತು. ಕೊನೆಗೆ ಎಲ್ಲರ ಕಣ್ಣೂ ಹೋಗಿ ಮುಚ್ಚಳದಮ್ಮನ ಮೇಲೆ ಬಿತ್ತು. ದಿನಕ್ಕೊಂದು ತರಗತಿ, ಐದು ದಿನಕ್ಕೆ ಐದು ತರಗತಿ, ಒಟ್ಟು ಮುನ್ನೂರ ಹನ್ನೆರಡು ಡಬ್ಬಿ ಅವಳ ಪಾಲಿಗೆ ಬಂತು.

ಮುಚ್ಚಳದಮ್ಮನಿಗೆ ಒಳಗೊಳಗೇ ಖುಷಿ. ಹತ್ತೊಂಬತ್ತು ವರ್ಷ ಬಾಯಿಗೆ ಬೀಗ ಹಾಕಿಕೊಂಡವಳ ಕೈಗೆ ಮೂರು ಬಣ್ಣದ ಕಾಗದ ಸಿಕ್ಕಿತು. ಒಂದೇ ವಾರದಲ್ಲಿ ಕೆಂಪು ಪುಸ್ತಕ ಮುಗಿಸಿ ಇನ್ನೊಂದು ಕೊಡಿ ಎಂದು ಆಫೀಸಿಗೆ ಬಂದಳು. ಗುಮಾಸ್ತರು ಕನ್ನಡಕ ಸರಿಮಾಡಿಕೊಂಡು ನೂರ ಹದಿನೆಂಟು ಕೆಂಪೇ ಎಂದು ಕೇಳಿದರು. ಇನ್ನೂ ಕೈ ಹಿಡಿದು ಬರೆದಿದ್ದೀನಿ ಎಂದಳು ಅವಳು.

ಈ ಗುಮಾಸ್ತರನ್ನು ಬೆನ್ನ ಹಿಂದೆ ಫೈಲಪ್ಪ ಎನ್ನುತ್ತಿದ್ದರು. ಸಹಿ ಇಲ್ಲದ ಕಾಗದ ಕಾಗದವೇ ಅಲ್ಲ ಎಂಬುದು ಅವರ ಬಾಳಿನ ಸಿದ್ಧಾಂತ. ಕೆಂಪು ಚೀಟಿಗೆಂದು ಒಂದು ಕೆಂಪು ಫೈಲನ್ನೇ ತೆರೆದು, ಬೆನ್ನಿಗೆ ಅಂದವಾಗಿ ಶೀರ್ಷಿಕೆ ಬರೆದು, ಸಹಿಯಾದ ಚೀಟಿಗಳು ಬರಲಿ ಎಂದು ಕಾದು ಕೂತರು. ಒಂದೂ ಬರಲಿಲ್ಲ.

ಬಾರದಿರುವುದಕ್ಕೆ ಕಾರಣಗಳೇನೋ ಬಂದವು. ಚೀಟಿ ಜೇಬಿನಲ್ಲೇ ಇದ್ದು ಬಟ್ಟೆಯ ಜೊತೆ ಒಗೆದುಹೋಯಿತಂತೆ. ನಾಯಿ ತಿಂದಿತಂತೆ. ವಕೀಲರೊಬ್ಬರು ಎರಡು ಪುಟದ ಉತ್ತರ ಕಳಿಸಿ, ಸದರಿ ಕೇಕಿನ ತುಂಡನ್ನು ಕೆಟ್ಟ ಆಹಾರವೆಂದು ಕರೆಯಲು ಆಧಾರವೇನು ಎಂದು ಕೇಳಿದರು. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ, ಇಲ್ಲಿ ಹೆಗ್ಗಣ ತಿನ್ನುವುದೂ ಮುದ್ದಾಗಿತ್ತು.

ಆಮೇಲೆ ಬುದ್ಧಿವಂತರು ಬುದ್ಧಿ ಓಡಿಸಿದರು. ಯಾವ ದಿನ ಯಾವ ತರಗತಿ ಎಂಬುದು ಹೊರಗೆ ಬಿತ್ತು. ಸೋಮವಾರ ಎರಡನೇ ತರಗತಿಗೆ ಆರೋಗ್ಯ, ಮಂಗಳವಾರ ಐದನೆಯದಕ್ಕೆ ಆರೋಗ್ಯ, ಉಳಿದ ದಿನ ಎಣ್ಣೆ. ಡಬ್ಬಿ ತೆರೆದರೆ ಮೇಲೊಂದು ಹಸಿರು ಸೊಪ್ಪಿನ ಹೊದಿಕೆ, ಹೊದಿಕೆ ಎತ್ತಿದರೆ ಕೆಳಗೆ ಕರಿದ ಆಲೂಗಡ್ಡೆ ಬೆಚ್ಚಗೆ ಮಲಗಿರುತ್ತಿತ್ತು. ಒಂದು ಮನೆಯ ಕ್ಯಾರೆಟ್ಟು ಸೋಮವಾರ ತಂಗಿಯ ಡಬ್ಬಿಯಲ್ಲಿ, ಮಂಗಳವಾರ ಅಣ್ಣನ ಡಬ್ಬಿಯಲ್ಲಿ ಬರುತ್ತಿತ್ತು. ಮೂರನೇ ವಾರಕ್ಕೆ ಅದು ಮುದುಡಿ ಮುದುಕನ ಬೆರಳಿನಂತಾಗಿದ್ದರೂ ತಪ್ಪದೆ ಹಾಜರಾಗುತ್ತಿತ್ತು. ಇನ್ನೊಬ್ಬ ತಾಯಿ ಹಣ್ಣನ್ನು ಹೂವಿನಂತೆ ಕತ್ತರಿಸಿ ಡಬ್ಬಿಗೆ ಜೋಡಿಸಿ, ಫೋಟೋ ತೆಗೆದು ಪೋಷಕರ ಗುಂಪಿಗೆ ಹಾಕಿ, ನಲವತ್ತು ಜನರಿಂದ ಹೆಬ್ಬೆಟ್ಟು ಹೊಗಳಿಕೆ ಪಡೆದು, ಬಳಿಕ ಆ ಹಣ್ಣನ್ನು ತೂಕ ಇಳಿಸುವುದಕ್ಕೆಂದು ತಾನೇ ತಿಂದು, ಮಗನಿಗೆ ನೂಡಲ್ಸ್ ಕಟ್ಟಿಕೊಡುತ್ತಿದ್ದಳು. ಇದು ಆ ಮಗನೇ ಮುಚ್ಚಳದಮ್ಮನಿಗೆ ಹೇಳಿದ ಮಾತು. ಅವಳು ಸರದಿಯನ್ನು ತಲೆಕೆಳಗು ಮಾಡಿದಳು. ಯಾವ ದಿನ ಯಾವ ತರಗತಿ ಎಂದು ಆ ದಿನದ ಗಂಟೆ ಹೊಡೆಯುವವರೆಗೆ ಅವಳಿಗೇ ಗೊತ್ತಿರುತ್ತಿರಲಿಲ್ಲ.

ಹೊದಿಕೆಯ ಗೋಜಿಗೂ ಹೋಗದವರು ಒಬ್ಬರಿದ್ದರು. ಅವರು ಪೋಷಕರ ಸಮಿತಿಯ ಅಧ್ಯಕ್ಷರು, ವೃತ್ತಿಯಲ್ಲಿ ಹಲ್ಲಿನ ಡಾಕ್ಟರು. ಸಿಹಿ ಬಿಡಿ, ಹಲ್ಲು ಉಳಿಸಿ ಎಂದು ಅವರ ಕ್ಲಿನಿಕ್ಕಿನ ಬಾಗಿಲಲ್ಲಿ ಆಳುದ್ದದ ಬೋರ್ಡಿತ್ತು. ಅವರ ಮಗಳ ಡಬ್ಬಿಯಲ್ಲಿ ದಿನವೂ ಎರಡು ಚಾಕೊಲೇಟು, ಒಂದು ಸಿಹಿ ಬನ್ನು, ಪಕ್ಕದಲ್ಲಿ ಕಿತ್ತಳೆ ಬಣ್ಣದ ನೀರಿನ ಬಾಟಲಿ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಎಂಬ ಗಾದೆಯನ್ನು ಯಾರೋ ಆ ಮನೆಯ ಅಡುಗೆಮನೆಯಲ್ಲಿ ಕೂತೇ ಕಟ್ಟಿರಬೇಕು. ಆ ಹುಡುಗಿಗೆ ವಾರಕ್ಕೊಂದು ಕೆಂಪು ಚೀಟಿ ಬೀಳುತ್ತಿತ್ತು, ಅವಳು ಅದನ್ನು ಮಡಿಸಿ ದೋಣಿ ಮಾಡಿ ಆಡುತ್ತಿದ್ದಳು. ಒಂದು ಸಂಜೆ ಗೇಟಿನಲ್ಲಿ ಡಾಕ್ಟರು ಸಿಕ್ಕಾಗ ಮುಚ್ಚಳದಮ್ಮ ಧೈರ್ಯ ಮಾಡಿ ವಿಷಯ ಎತ್ತಿದಳು. ಡಬ್ಬಿ ತಮ್ಮ ಹೆಂಡತಿಯ ಇಲಾಖೆ ಎಂದರು ಅವರು. ಆ ಹೆಂಡತಿಯನ್ನು ಕೇಳಿದಾಗ, ಮನೆಯಲ್ಲಿ ಡಾಕ್ಟರಿರುವಾಗ ತಾನೇನು ಹೇಳಲಿ ಎಂದಿದ್ದಳು.

ಇಷ್ಟರವರೆಗೆ ಕಥೆ ಕೇಳಿದವರಿಗೆ ಮುಚ್ಚಳದಮ್ಮ ಬಲು ದೊಡ್ಡ ಮನುಷ್ಯಳಂತೆ ಕಾಣಬಹುದು. ಸ್ವಲ್ಪ ತಡೆಯಿರಿ, ಅವಳ ಮೊಮ್ಮಗಳ ಡಬ್ಬಿಯನ್ನು ಇನ್ನೂ ತೆರೆದಿಲ್ಲ.

ಮೊಮ್ಮಗಳನ್ನು ಮನೆಯಲ್ಲಿ ಇಲಿಮರಿ ಎನ್ನುತ್ತಿದ್ದರು. ಬಿಸ್ಕತ್ತನ್ನು ಸುತ್ತಲೂ ಪುಟ್ಟ ಪುಟ್ಟದಾಗಿ ಕಡಿದು, ನಡುವಿನ ಕ್ರೀಮನ್ನು ಕೊನೆಗೆ ಉಳಿಸಿಕೊಂಡು ತಿನ್ನುತ್ತಿದ್ದಳು, ಅದಕ್ಕೆ ಆ ಹೆಸರು. ತಾಯಿಯ ಅಂಗಡಿಯಲ್ಲಿ ತಾರೀಖು ಮುಗಿಯಲು ನಾಲ್ಕು ದಿನ ಉಳಿದ ಪೊಟ್ಟಣಗಳನ್ನು ಕೆಲಸದವರಿಗೆ ಹಂಚುತ್ತಿದ್ದರು. ಮನೆಯ ಬೀರುವಿನಲ್ಲಿ ಬಟ್ಟೆಗಿಂತ ಬಿಸ್ಕತ್ತು ಹೆಚ್ಚಿತ್ತು. ಬೆಳಿಗ್ಗೆ ಆರಕ್ಕೆ ಅಜ್ಜಿ ಶಾಲೆಯ ಊಟದ ಹಾಲಿನ ಕಸ ಗುಡಿಸುವುದಕ್ಕೆ ಹೊರಟುಬಿಡುತ್ತಿದ್ದಳು. ತಾಯಿ ಎದ್ದು ತಾನೂ ಹೊರಡುವ ಗಡಿಬಿಡಿಯಲ್ಲಿ ಮಗುವಿನ ಡಬ್ಬಿಗೆ ಕೈಗೆ ಸಿಕ್ಕಿದ್ದನ್ನು ತುಂಬುತ್ತಿದ್ದಳು. ಮೂರನೇ ತರಗತಿಯವರು ತಮ್ಮ ಮುಚ್ಚಳ ತಾವೇ ತೆಗೆಯಬಲ್ಲವರು, ಹಾಗಾಗಿ ಈ ವರ್ಷ ಮೊಮ್ಮಗಳ ಡಬ್ಬಿಯಲ್ಲಿ ಏನಿದೆ ಎಂದು ಅಜ್ಜಿ ನೋಡಿರಲಿಲ್ಲ. ನೋಡದಿದ್ದರೇನು, ಅವಳಿಗೆ ಗೊತ್ತಿತ್ತು.

ಮೊದಲ ವಾರ ಮೂರನೇ ತರಗತಿಯ ಸರದಿ ಬಂದ ದಿನ ಒಂದೊಂದೇ ಡಬ್ಬಿ ನೋಡುತ್ತಾ ಮುಂದೆ ಬಂದ ಮುಚ್ಚಳದಮ್ಮ ಡಾಕ್ಟರ ಮಗಳಿಗೆ ಕೆಂಪು ಚೀಟಿ ಹರಿದುಕೊಟ್ಟು ಪಕ್ಕಕ್ಕೆ ತಿರುಗಿದಳು. ಅಲ್ಲಿ ಇಲಿಮರಿ ಕೂತಿದ್ದಳು. ಡಬ್ಬಿಯಲ್ಲಿ ಎಂಟು ಕ್ರೀಮ್ ಬಿಸ್ಕತ್ತು, ಒಂದು ಹಿಡಿ ಚಿಪ್ಸ್. ಮಗು ತಲೆಯೆತ್ತಿ ಅಜ್ಜಿಯನ್ನು ನೋಡಿತು. ಅಜ್ಜಿಗೆ ಕಂಡದ್ದು ಮಗುವಲ್ಲ, ಕೂತ ಸೀಟು. ತಪಾಸಣೆ ಮಾಡುವವಳ ಮನೆಯ ಕೂಸಿಗೇ ಕೆಂಪು ಎಂದರೆ ಸಮಿತಿಯವರ ಕೈಗೆ ಕೋಲು ಕೊಟ್ಟ ಹಾಗೆ. ಅವಳ ಕೈ ಏಪ್ರನ್ನಿನ ಜೇಬಿಗೆ ಹೋಗಿ ಹಸಿರು ಪುಸ್ತಕವನ್ನು ತೆಗೆಯಿತು. ಬೇಲಿಯೇ ಎದ್ದು ಹೊಲ ಮೇಯಿತು. ಡಾಕ್ಟರ ಮಗಳು ತನ್ನ ಡಬ್ಬಿಯನ್ನೊಮ್ಮೆ ಪಕ್ಕದ ಡಬ್ಬಿಯನ್ನೊಮ್ಮೆ ನೋಡಿ, ಏನೂ ಅರ್ಥವಾಗದೆ ಚಾಕೊಲೇಟು ಬಿಚ್ಚಿದಳು.

ಆ ಸಂಜೆ ಮನೆಯಲ್ಲಿ ಜಗಳ. ನಾಳೆಯಿಂದ ಬಿಸ್ಕತ್ತು ಬಂದ್ ಎಂದಳು ಅಜ್ಜಿ. ಕೌಂಟರಿನಲ್ಲಿ ನಿಂತು ಊದಿದ ಕಾಲನ್ನು ಬಕೆಟ್ಟಿನಲ್ಲಿ ಇಳಿಬಿಟ್ಟು ಕೂತಿದ್ದ ಮಗಳು ತಿರುಗಿಬಿದ್ದಳು.

"ಊರ ಮಕ್ಕಳ ಡಬ್ಬಿಯೆಲ್ಲ ನೋಡ್ತೀಯಲ್ಲಮ್ಮ, ಇವಳಿಗೆ ಬಿಸ್ಕತ್ತು ಕಲಿಸಿದ್ದು ಯಾರು?"

ಮುಚ್ಚಳದಮ್ಮ ಬೀರುವಿನ ಬಾಗಿಲು ಮುಚ್ಚಿದಳು. ಕಲಿಸಿದ್ದು ಅವಳೇ. ಮೂರು ವರ್ಷದ ಕೂಸು ಅಮ್ಮ ಬೇಕೆಂದು ಬಾಗಿಲ ಬಳಿ ಹೊರಳಾಡಿ ಅಳುವಾಗ, ಎತ್ತಿಕೊಂಡು ತಿರುಗಲು ಬೆನ್ನು ಬಾರದೆ, ಬಾಯಿಗೊಂದು ಬಿಸ್ಕತ್ತು ಇಟ್ಟಿದ್ದಳು. ಅಳು ನಿಂತಿತು. ಮಾರನೆಯ ದಿನ ಅಳು ಶುರುವಾಗುವ ಮೊದಲೇ ಇಟ್ಟಳು. ಆಮೇಲೆ ಅಳದಿದ್ದರೂ ಇಟ್ಟಳು. ಅದನ್ನು ನೆನೆದರೆ ಈಗಲೂ ಅವಳಿಗೆ ನಾಚಿಕೆಯಾಗುತ್ತಿತ್ತು, ಮಗುವಿನ ಮೇಲೆ ಅಯ್ಯೋ ಅನ್ನಿಸುತ್ತಿತ್ತು.

ಮಾರನೆಯ ದಿನ ನಾಲ್ಕೂವರೆಗೆ ಎದ್ದು ಬೀನ್ಸ್ ಬೇಯಿಸಿ, ಮೊಟ್ಟೆ ಬೇಯಿಸಿ ಡಬ್ಬಿ ತುಂಬಿದಳು. ಡಬ್ಬಿ ಹೋದ ಹಾಗೇ ಮರಳಿತು. ಮಗು ಏನೂ ತಿನ್ನದೆ ಹಸಿದು, ಸಂಜೆ ಎರಡು ಪೊಟ್ಟಣ ಬಿಸ್ಕತ್ತು ಖಾಲಿ ಮಾಡಿತು. ಹೀಗೆ ಮೂರು ದಿನ. ನಾಲ್ಕನೆಯ ದಿನ ಅಜ್ಜಿ ಸೋತಳು. ಗಿಡವಾಗಿದ್ದಾಗ ತಾನೇ ಬಗ್ಗಿಸಿದ್ದನ್ನು ಈಗ ಒಂದು ಪಾತ್ರೆ ಬೀನ್ಸ್‌ನಿಂದ ನೆಟ್ಟಗೆ ಮಾಡುವುದು ಹೇಗೆ ಎಂದು ಅವಳಿಗೆ ತಿಳಿಯಲಿಲ್ಲ. ಬಿಸ್ಕತ್ತು ಮುಂದುವರಿಯಿತು, ಹಸಿರು ಚೀಟಿಯೂ ಮುಂದುವರಿಯಿತು. ಹದಿನೇಳು ವಾರದಲ್ಲಿ ಡಾಕ್ಟರ ಮಗಳಿಗೆ ಹದಿನೇಳು ಕೆಂಪು, ಇಲಿಮರಿಗೆ ಹದಿನೇಳು ಹಸಿರು. ಬೇರೆಯವರ ಡಬ್ಬಿಯ ಹೊದಿಕೆ ಎತ್ತಿ ಎತ್ತಿ ನೋಡುತ್ತಿದ್ದ ಕೈ ಮೊಮ್ಮಗಳ ಡಬ್ಬಿಯ ಮೇಲೆ ತಾನೇ ಹಸಿರು ಹೊದಿಸುತ್ತಿತ್ತು.

ಕೊನೆಗೆ ಮಕ್ಕಳ ಬಾಯಿಂದಲೇ ಗುಟ್ಟು ಹೊರಬಿತ್ತು. ಇಲಿಮರಿ ತಿನ್ನುವುದೂ ತನ್ನಂಥದ್ದೇ, ಅವಳಿಗೆ ಮಾತ್ರ ಯಾವಾಗಲೂ ಹಸಿರು ಎಂದು ಡಾಕ್ಟರ ಮಗಳು ಮನೆಯಲ್ಲಿ ಗೊಣಗಿದಳು. ಮಗಳ ಡಬ್ಬಿಯನ್ನು ಹುಟ್ಟಿದಾಗಿನಿಂದ ಒಮ್ಮೆಯೂ ತೆರೆದು ನೋಡದ ತಂದೆ ಮಾರನೆಯ ದಿನ ಕ್ಲಿನಿಕ್ಕಿಗೆ ಬೀಗ ಹಾಕಿ ಶಾಲೆಗೆ ಓಡಿಬಂದರು. ಊಟದ ಹೊತ್ತಿಗೆ ಸರಿಯಾಗಿ ಹಾಲಿಗೆ ನುಗ್ಗಿ, ಇಲಿಮರಿಯ ಡಬ್ಬಿಯನ್ನು ತಾವೇ ತೆರೆದು, ಮೇಲಿಂದೊಂದು ಪಕ್ಕದಿಂದೊಂದು ಫೋಟೋ ತೆಗೆದರು. ಮಗು ಅರ್ಧ ಕಡಿದ ಬಿಸ್ಕತ್ತನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡಿತು. ಹಾಲಿನ ಆ ತುದಿಯಲ್ಲಿ ಮುಚ್ಚಳದಮ್ಮ ಒರೆಸಿದ ಮೇಜನ್ನೇ ಮತ್ತೆ ಒರೆಸತೊಡಗಿದಳು.

ಆ ಶುಕ್ರವಾರ ಸಮಿತಿಯ ತುರ್ತು ಸಭೆ. ವರ್ಷವಿಡೀ ಸಭೆಗೆ ಕರೆದರೆ ಹತ್ತು ಜನ ಬರುತ್ತಿದ್ದಲ್ಲಿಗೆ ಅಂದು ಇನ್ನೂರು ಜನ ಬಂದರು. ವಿಷಯ, ಮಕ್ಕಳ ಆರೋಗ್ಯಕರ ಆಹಾರ. ಬಂದವರಿಗೆಂದು ಸಮಿತಿಯ ವತಿಯಿಂದ ಕ್ರೀಮ್ ಕೇಕು, ಕರಿದ ಆಲೂಗಡ್ಡೆ, ಬಣ್ಣಬಣ್ಣದ ತಂಪು ಪಾನೀಯ. ಅದೇ ಊಟದ ಹಾಲು, ಅದೇ ಉದ್ದನೆಯ ಮೇಜು. ದೊಡ್ಡವರು ಮಕ್ಕಳ ಬೆಂಚಿನಲ್ಲಿ ಮೊಣಕಾಲು ಗದ್ದಕ್ಕೆ ತಾಗಿಸಿಕೊಂಡು ಕೂತು ತಟ್ಟೆ ಖಾಲಿ ಮಾಡತೊಡಗಿದರು. ಮುಚ್ಚಳದಮ್ಮ ಬಾಗಿಲ ಬಳಿ ನಿಂತಿದ್ದಳು. ಕೆಲಸ ಹೋದರೆ ಇಲಿಮರಿಯನ್ನು ಯಾವ ಶಾಲೆಗೆ ಸೇರಿಸುವುದು ಎಂಬ ಒಂದೇ ಯೋಚನೆ ಅವಳ ತಲೆಯಲ್ಲಿ ಬೆಳಗಿನಿಂದ ತಿರುಗುತ್ತಿತ್ತು.

ಹಲ್ಲಿನ ಡಾಕ್ಟರು ಮೀಸೆಗಂಟಿದ ಕ್ರೀಮ್ ಒರೆಸಿಕೊಂಡು ಎದ್ದು ನಿಂತರು. ಗೋಡೆಯ ಮೇಲೆ ಬಿಸ್ಕತ್ತಿನ ಫೋಟೋ ಬಾಗಿಲಿನಷ್ಟು ದೊಡ್ಡದಾಗಿ ಮೂಡಿತು. ಹದಿನೇಳು ಹಸಿರು ಚೀಟಿಯ ಲೆಕ್ಕ ಹೇಳಿದರು. ಇಂಥ ಮೋಸದ ಚೀಟಿಗಳನ್ನೆಲ್ಲ ರದ್ದು ಮಾಡಬೇಕು, ಈ ಹೆಂಗಸಿನ ಕೆಲಸವನ್ನು ಮುಂದಿನ ವರ್ಷಕ್ಕೆ ಮುಂದುವರಿಸಬಾರದು ಎಂದರು. ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದವರ ಎಲೆಯ ನೊಣ ತೋರಿಸುವವರು ಇದ್ದೇ ಇರುತ್ತಾರೆ, ಆದರೆ ಹೆಗ್ಗಣದವರೆಲ್ಲ ಸೇರಿ ಸಭೆ ಕರೆದದ್ದು ಅಂದೇ ಇರಬೇಕು. ಚಪ್ಪಾಳೆ ಬಿತ್ತು. ಹಣ್ಣಿನ ಫೋಟೋ ಹಾಕುತ್ತಿದ್ದ ತಾಯಿ ಬಾಯಲ್ಲಿದ್ದ ಕೇಕನ್ನು ನುಂಗಿ, ಇಷ್ಟು ದಿನ ನಮ್ಮ ಮಕ್ಕಳ ಮನಸ್ಸಿಗೆ ಎಷ್ಟು ನೋವಾಗಿರಬೇಡ ಎಂದು ಕಣ್ಣೊರೆಸಿಕೊಂಡಳು.

ದೊಡ್ಡ ಮೇಡಂ ಮುಚ್ಚಳದಮ್ಮನನ್ನು ಮುಂದಕ್ಕೆ ಕರೆದು, ಇದು ನಿಜವೇ ಎಂದು ಕೇಳಿದರು.

ಸುಳ್ಳು ಹೇಳಲು ದಾರಿಗಳಿದ್ದವು. ಅಂದು ಕಣ್ಣು ಮಂಜಾಗಿತ್ತು ಎನ್ನಬಹುದಿತ್ತು, ಪುಸ್ತಕ ಅದಲುಬದಲಾಯಿತು ಎನ್ನಬಹುದಿತ್ತು. ಈ ಹದಿನೇಳು ವಾರದಲ್ಲಿ ಅಂಥ ಕಾರಣಗಳನ್ನು ಅವಳು ಎಷ್ಟು ಕೇಳಿದ್ದಳೆಂದರೆ, ನಾಲಗೆಯ ತುದಿಗೆ ತಾವಾಗಿಯೇ ಬಂದವು. ಆದರೆ ಗೋಡೆಯ ಮೇಲಿನ ಫೋಟೋದ ಅಂಚಿನಲ್ಲಿ ಇಲಿಮರಿಯ ಮೊಣಕೈ ಕಾಣುತ್ತಿತ್ತು, ಬಿಸ್ಕತ್ತನ್ನು ಹಿಂದೆ ಬಚ್ಚಿಟ್ಟುಕೊಂಡ ಕೈಯದು. ಮುಚ್ಚಳದಮ್ಮನಿಗೆ ತಡೆಯಲಾಗಲಿಲ್ಲ.

"ನಿಜ ಮೇಡಂ. ಕೆಂಪು ಕೊಡಬೇಕಿತ್ತು, ಹಸಿರು ಕೊಟ್ಟೆ. ಅವಳ ಸೀಟು ಹೋಗುತ್ತೇಂತ ಹೆದರಿ ಕೊಟ್ಟೆ. ಬಿಸ್ಕತ್ತು ಅಭ್ಯಾಸ ಮಾಡಿಸಿದ್ದೂ ನಾನೇ, ಅಳು ನಿಲ್ಲಿಸೋಕೆ. ತಪ್ಪು ಮಗುದಲ್ಲ."

ಹಾಗೆಂದವಳು ಏಪ್ರನ್ನಿನ ಜೇಬಿನಿಂದ ಕೆಂಪು ಪುಸ್ತಕ ತೆಗೆದಳು. ಮೇಜಿನ ಮೇಲಿದ್ದ ಕೇಕಿನ ತಟ್ಟೆಯನ್ನು ಪಕ್ಕಕ್ಕೆ ಸರಿಸಿ, ಬಾಗಿ ನಿಂತು, ಮೊಮ್ಮಗಳ ಹೆಸರಿನಲ್ಲಿ ಒಂದು ಚೀಟಿ ಬರೆದಳು. ಕೆಳಗೆ ಪೋಷಕರ ಸಹಿ ಎಂಬಲ್ಲಿ ತನ್ನ ಹೆಸರನ್ನು ಒಂದೊಂದೇ ಅಕ್ಷರ ಕೂಡಿಸಿ ಬರೆದಳು. ಇನ್ನೂರು ಜನ ಅಗಿಯುವುದನ್ನು ನಿಲ್ಲಿಸಿ ನೋಡುತ್ತಿದ್ದರು. ಚೀಟಿಯನ್ನು ಹರಿದು ಫೈಲಪ್ಪನವರ ಕೈಗೆ ಕೊಟ್ಟಳು.

ಫೈಲಪ್ಪನವರ ಮುಖ ಅರಳಿತು. ಹದಿನೇಳು ವಾರದಿಂದ ಹೊಟ್ಟೆ ಖಾಲಿ ಇಟ್ಟುಕೊಂಡು ಕೂತಿದ್ದ ಕೆಂಪು ಫೈಲಿಗೆ ಮೊದಲ ತುತ್ತು ಬಿದ್ದಿತ್ತು. ಆ ಉತ್ಸಾಹದಲ್ಲಿ ಅವರಿಗೆ ಸಭೆ ಯಾಕೆ ಕರೆದದ್ದು ಎಂಬುದೇ ಮರೆತುಹೋಯಿತು. ಎದ್ದು ನಿಂತು ಜೇಬಿನಿಂದ ಪೆನ್ನು ತೆಗೆದರು.

"ಇನ್ನೂ ಎಂಟುನೂರ ನಲವತ್ತು ಚೀಟಿ ಬಾಕಿ ಇದೆ. ಹೇಗೂ ಎಲ್ಲರೂ ಬಂದಿದ್ದೀರಿ, ಇಲ್ಲೇ ಸಹಿ ಹಾಕಿಬಿಡಿ. ಎಲ್ಲಕ್ಕೂ ಇನ್ನೊಂದು ಪ್ರತಿ ಇಟ್ಟಿದ್ದೀನಿ. ಅಧ್ಯಕ್ಷರದೇ ಮೊದಲು ತಗೊಳ್ಳೋಣ, ಹದಿನೇಳಿದೆ."

ಹಲ್ಲಿನ ಡಾಕ್ಟರಿಗೆ ತಟ್ಟನೆ ಒಬ್ಬ ರೋಗಿಯ ನೆನಪಾಯಿತು, ಬಾಯಿ ತೆರೆದುಕೊಂಡೇ ಕಾಯುತ್ತಿರಬಹುದು ಎಂದು ಹೊರಟರು. ವಕೀಲರಿಗೆ ಕೋರ್ಟು ನೆನಪಾಯಿತು, ಸಂಜೆ ಆರು ಗಂಟೆಗೆ. ಫೋಟೋ ತಾಯಿಗೆ ಫೋನು ಬಂತು, ಅದು ರಿಂಗಾದದ್ದು ಯಾರಿಗೂ ಕೇಳಿಸಲಿಲ್ಲ ಅಷ್ಟೆ. ಉಳಿದವರು ಚಪ್ಪಲಿ ಹುಡುಕುವ ಗದ್ದಲದಲ್ಲಿ ಒಬ್ಬರ ಹಿಂದೊಬ್ಬರು ಜಾರಿಕೊಂಡರು. ಹತ್ತು ನಿಮಿಷದಲ್ಲಿ ಹಾಲಿನಲ್ಲಿ ಉಳಿದವರು ಮೂವರೇ. ಕೇಕಿನ ಪೆಟ್ಟಿಗೆಗಳನ್ನು ಮಾತ್ರ ಯಾರೂ ಮರೆತು ಹೋಗಿರಲಿಲ್ಲ. ಮುಚ್ಚಳದಮ್ಮ ಬಟ್ಟೆ ತಂದು ಮೇಜು ಒರೆಸಿದಳು.

ಅವಳ ಕೆಲಸದ ಬಗ್ಗೆ ಅಂದು ಯಾರೂ ಏನೂ ತೀರ್ಮಾನ ಹೇಳಲಿಲ್ಲ. ಅದು ತೀರ್ಮಾನವಾದದ್ದು ತಿಂಗಳ ಕೊನೆಗೆ, ಫೈಲಪ್ಪನವರು ಇಲಾಖೆಗೆ ವರ್ಷದ ವರದಿ ಬರೆದಾಗ. ಸಹಿ ಇಲ್ಲದ ಕಾಗದ ಕಾಗದವಲ್ಲ, ಕಾಗದವಲ್ಲದ್ದನ್ನು ವರದಿಗೆ ಸೇರಿಸುವಂತಿಲ್ಲ. ಆದ್ದರಿಂದ ವರದಿಯಲ್ಲಿ ಬಂದದ್ದಿಷ್ಟು. ಒಟ್ಟು ಮಕ್ಕಳು ಮುನ್ನೂರ ಹನ್ನೆರಡು. ತಪ್ಪಾದ ಆಹಾರ ಪದ್ಧತಿ ಕಂಡುಬಂದದ್ದು ಒಂದು ಮಗುವಿನಲ್ಲಿ. ಸದರಿ ಮಗು ಶಾಲೆಯ ಊಟದ ಹಾಲಿನ ಸಿಬ್ಬಂದಿಯ ಮೊಮ್ಮಗಳು.

ಇಲಾಖೆಯ ಅಧಿಕಾರಿ ವರದಿ ಓದಿ ಬೆರಗಾದರು. ಇಡೀ ಜಿಲ್ಲೆಯಲ್ಲಿ ಇಷ್ಟು ಆರೋಗ್ಯವಂತ ಶಾಲೆ ಇನ್ನೊಂದಿಲ್ಲ ಎಂದು ಮೆಚ್ಚುಗೆ ಪತ್ರ ಕಳಿಸಿದರು. ಗೇಟಿಗೆ ಹಿತ್ತಾಳೆಯ ಫಲಕ ಬಂತು. ಸಮಿತಿಯ ಅಧ್ಯಕ್ಷರು ಅದರ ಪಕ್ಕ ನಿಂತು ಹಲ್ಲು ಕಾಣುವಂತೆ ಫೋಟೋ ತೆಗೆಸಿಕೊಂಡರು. ಇಂಥ ಹೆಸರು ತಂದುಕೊಟ್ಟ ತಪಾಸಣೆಯನ್ನು ನಿಲ್ಲಿಸುವುದಾಗಲಿ, ತಪಾಸಣೆ ಮಾಡಿದವಳನ್ನು ತೆಗೆದುಹಾಕುವುದಾಗಲಿ ದೊಡ್ಡ ಮೇಡಂಗೆ ಸಾಧ್ಯವೇ ಇರಲಿಲ್ಲ. ಮುಚ್ಚಳದಮ್ಮನಿಗೆ ಮತ್ತೊಂದು ವರ್ಷದ ಕಾಗದ ಬಂತು, ಫೈಲಪ್ಪನವರ ಸಹಿಯೊಂದಿಗೆ. ಅಂದು ಅವಳು ಆಫೀಸಿನ ಮೆಟ್ಟಿಲ ಮೇಲೆ ಕೂತು ಸ್ವಲ್ಪ ಹೊತ್ತು ಅತ್ತಳು.

ಎಂಟು ಶನಿವಾರದ ಪಾಠ ಮಾತ್ರ ತಪ್ಪುವಂತಿರಲಿಲ್ಲ. ತಜ್ಞೆಯನ್ನು ಮೊದಲೇ ಗೊತ್ತುಮಾಡಿ ಆಗಿತ್ತು, ಹಾಲಿನಲ್ಲಿ ಇನ್ನೂರು ಕುರ್ಚಿ ಹಾಕಿಸಿ ಆಗಿತ್ತು. ಮೊದಲ ಶನಿವಾರ ತಜ್ಞೆ ಮೈಕಿನ ಮುಂದೆ ನಿಂತು ಮಾನ್ಯ ಪೋಷಕರೇ, ಮುದ್ದು ಮಕ್ಕಳೇ ಎಂದು ಶುರುಮಾಡಿದರು. ಮುಂದಿನ ಸಾಲಿನಲ್ಲಿ ಅಜ್ಜಿ, ಮೊಮ್ಮಗಳು, ಅರ್ಧ ದಿನ ರಜೆ ಹಾಕಿ ಬಂದ ಮಗಳು. ಹಿಂದೆ ನೂರ ತೊಂಬತ್ತೇಳು ಖಾಲಿ ಕುರ್ಚಿ. ಎರಡನೆಯ ಶನಿವಾರ ತಜ್ಞೆ ಮೈಕು ಬಿಟ್ಟು ಕೆಳಗಿಳಿದು ಬಂದರು. ಮೂರನೆಯ ಶನಿವಾರ ಒಲೆ, ಪಾತ್ರೆ, ಒಂದು ಬುಟ್ಟಿ ತರಕಾರಿ ತಂದು ಇಲಿಮರಿಯ ಕೈಗೇ ಕೊಟ್ಟರು. ಇಲಿಮರಿ ಬೀನ್ಸ್ ತೊಳೆದಳು, ಮುರಿದಳು, ಬೇಯುವುದನ್ನು ಸ್ಟೂಲಿನ ಮೇಲೆ ನಿಂತು ಕಾದಳು. ಅಜ್ಜಿ ಬೇಯಿಸಿದಾಗ ಮುಟ್ಟದಿದ್ದ ಬೀನ್ಸನ್ನು, ತಾನು ಬೇಯಿಸಿದ್ದು ಎಂಬ ಜಂಬಕ್ಕೆ, ಸುತ್ತಲೂ ಕಡಿದು ಕಡಿದು ಮುಗಿಸಿದಳು. ಇದನ್ನು ನಾಲ್ಕೂವರೆಗೆ ಎದ್ದ ದಿನವೇ ಮಾಡಿಸಬಾರದಿತ್ತೇ ಎಂದು ಮುಚ್ಚಳದಮ್ಮ ಹಣೆ ಚಚ್ಚಿಕೊಂಡಳು. ಮಗಳು ಕುರ್ಚಿಯಲ್ಲೇ ತೂಕಡಿಸುತ್ತಿದ್ದವಳು ಎದ್ದು, ತನಗೂ ನಾಲ್ಕು ಉಳಿಸು ಎಂದಳು.

ನಾಲ್ಕನೆಯ ಶನಿವಾರ ಇಲಿಮರಿ ಮೊಟ್ಟೆಯ ಸಿಪ್ಪೆ ಬಿಡಿಸುತ್ತಾ ಹಿಂದಿನ ಖಾಲಿ ಸಾಲುಗಳ ಕಡೆ ತಿರುಗಿ ತಿರುಗಿ ನೋಡಿದಳು. ಡಾಕ್ಟರ ಮಗಳೂ ಬಂದರೆ ಚೆನ್ನಾಗಿತ್ತು ಎಂದಳು. ಆಮೇಲೆ ಅಜ್ಜಿಯ ಸೆರಗು ಎಳೆದಳು.

"ಅಜ್ಜಿ, ಅವರೆಲ್ಲ ಯಾಕೆ ಬರಲ್ಲ?"

"ಅವರ ಮನೇಲಿ ಯಾರೂ ಸಹಿ ಹಾಕಿಲ್ಲ ಮಗಾ."

"ಯಾಕೆ, ಅವರಿಗೆ ಬರೆಯೋಕೆ ಬರಲ್ವಾ?"

ಮುಚ್ಚಳದಮ್ಮ ಮಗುವಿನ ಬೆರಳಿಗೆ ಅಂಟಿದ್ದ ಸಿಪ್ಪೆಯ ಚೂರನ್ನು ತೆಗೆದಳು.

"ಬರುತ್ತೆ ಕಣೇ, ನನಗಿಂತ ಚೆನ್ನಾಗಿ ಬರುತ್ತೆ. ಸಹಿ ಹಾಕಿದ್ರೆ ಮಾರನೇ ದಿನದಿಂದ ಅಡುಗೆ ಮಾಡಬೇಕಾಗುತ್ತೆ."